ಭೇಟಿ ರವಿವಾರದ ಮುಖ

ಹೆಣ್ಣುಮಕ್ಕಳ ಹಾಸ್ಟೆಲ್, ಗೋಕಾಕ
ಮೇ 4, 2025, ರವಿವಾರ

ಅವ್ವಾ,

ಇದನ್ನು ಸುಜಾತಾ ಅಕ್ಕೋರು ಓದುತ್ತಿದ್ದಾರೆ, ನೀನು ಕೇಳುತ್ತಿದ್ದೀ ಎಂದುಕೊಂಡು ಬರೆಯುತ್ತಿದ್ದೇನೆ. ಅಂಗನವಾಡಿಯ ಮಕ್ಕಳು ಮನೆಗೆ ಹೋಗಿರುತ್ತವೆ. ಆ ಸಣ್ಣ ಸಣ್ಣ ಕುರ್ಚಿಗಳ ನಡುವೆ ನೀನು ನೆಲಕ್ಕೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿರುತ್ತೀ. ಅಕ್ಕೋರ, ಸಾವಕಾಶ ಓದಿರಿ. ನನ್ನ ಅಕ್ಷರ ಚಲೋ ಇಲ್ಲ. ಆರನೇ ಇಯತ್ತೆಯಿಂದ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಬರೆದು ಕನ್ನಡದ ಒತ್ತಕ್ಷರಗಳು ಕೈಗೆ ಬರುವುದಿಲ್ಲ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಂಡು ಓದಿರಿ. ಆದರೆ ಏನನ್ನೂ ಬಿಡಬೇಡಿರಿ. ಕೇಳಲು ನಾಚಿಕೆಯಾಗುವಂಥದ್ದು ಬಂದರೂ ಓದಿರಿ.

ಫೋನ್ ಇರುವಾಗ ಪತ್ರ ಯಾಕೆ ಎಂದು ನೀನು ಕೇಳುವುದಿಲ್ಲ, ಅವ್ವಾ. ನಿನಗೆ ಗೊತ್ತಿದೆ. ನಾನು ಫೋನ್ ಮಾಡಿದರೆ "ಹಾಂ, ಉಂಡೀ?" ಎನ್ನುತ್ತೀ. ನಾನು ಉಂಡೆನೋ ಇಲ್ಲವೋ ಹೇಳುವುದರೊಳಗೆ ಫೋನು ಉದ್ದವ್ವ ಅತ್ತೆಯ ಕೈಯಲ್ಲಿರುತ್ತದೆ. ವಿಡಿಯೊ ಕಾಲ್ ಮಾಡಿದರೆ ನಮ್ಮ ಮನೆಯ ತಗಡು ಕಾಣುತ್ತದೆ, ಇಲ್ಲವೇ ಕ್ಯಾಲೆಂಡರು. ಒಂದೇ ಒಂದು ಸಲ ನಿನ್ನ ಕಿವಿ ಕಂಡಿತ್ತು. ಅದರ ಫೋಟೊ ಹಿಡಿದಿಟ್ಟುಕೊಂಡಿದ್ದೇನೆ. ರೂಮಿನ ಹುಡುಗಿಯರು ಇದು ಯಾರ ಕಿವಿ ಎಂದು ಕೇಳಿ ನಕ್ಕರು. ನಾನೂ ನಕ್ಕೆ. ನನಗೆ ನಗುವುದೇನು ಕಷ್ಟವಲ್ಲ, ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅಪ್ಪನ ದಿವಸದ ಊಟ ಮುಗಿದು ಮಂದಿಯೆಲ್ಲ ಎದ್ದುಹೋದ ಮೇಲೆ ನೀನು ಗೋಡೆಯ ಕಡೆ ನೋಡುತ್ತ ಅಂದ ಮಾತು ಇದು: "ಇನ್ನ ಮ್ಯಾಲೆ ನಿನ್ನ ಮಾರಿ ನನಗ ತೋರಸಬ್ಯಾಡ. ಆ ಮಾರಿ ನಂಬಿ ನಾ ಮನೀಗೆ ಬಂದೆ." ಅಷ್ಟೇ ಅಂದೆ. ನಾನು ಮರುದಿನದ ಮೊದಲ ಬಸ್ಸಿಗೆ ಗೋಕಾಕಕ್ಕೆ ಬಂದೆ. ಮೂರು ತಿಂಗಳಾಯಿತು. ಪತ್ರಕ್ಕೆ ಮುಖವಿಲ್ಲ, ಅದಕ್ಕೆ ಪತ್ರ ಬರೆಯುತ್ತಿದ್ದೇನೆ. ನಾನು ಎಲ್ಲಿ ಅತ್ತೆ, ಎಲ್ಲಿ ನಕ್ಕೆ ಎಂಬುದು ಇದರಲ್ಲಿ ಕಾಣುವುದಿಲ್ಲ. ಇದನ್ನಾದರೂ ನಂಬು.

ಒಂದು ಕ್ಲಾಸಿನ ಮಾತು ಹೇಳುತ್ತೇನೆ. ಅದು ಆಗದಿದ್ದರೆ ಈ ಪತ್ರ ಬರೆಯುವ ಧೈರ್ಯ ಬರುತ್ತಿರಲಿಲ್ಲ.

ನರ್ಸಿಂಗಿನಲ್ಲಿ ನಮಗೆ ಮನಸ್ಸಿನ ಬಗ್ಗೆಯೂ ಒಂದು ಪಾಠವಿದೆ. ಸೋಮಶೇಖರ ಸರ್ ಕಲಿಸುತ್ತಾರೆ. ಹೋದ ತಿಂಗಳು ಅವರು ಕಿಟಕಿಗಳನ್ನು ಮುಚ್ಚಿಸಿ, ಗೋಡೆಯ ಮೇಲೆ ಒಂದೊಂದೇ ಮುಖ ತೋರಿಸಿದರು. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಮುಖ ಹೋಗಿಬಿಡುತ್ತಿತ್ತು. ನಾವು ಹಾಳೆಯಲ್ಲಿ "ನಂಬುತ್ತೇನೆ" ಇಲ್ಲವೇ "ನಂಬುವುದಿಲ್ಲ" ಎಂದು ಬರೆಯಬೇಕು. ವಿಚಾರ ಮಾಡಲು ಸಮಯವೇ ಇಲ್ಲ. ಏಳನೆಯದೋ ಎಂಟನೆಯದೋ ಒಂದು ಮುಖ ಬಂತು: ಕೂಡಿದ ಹುಬ್ಬು, ಕೆಳಗೆ ಜೋತ ತುಟಿ. ನನ್ನ ಪೆನ್ನು "ನಂಬುವುದಿಲ್ಲ" ಎಂದು ಬರೆದು ಮುಗಿಸಿದ ಮೇಲೆ ನನಗೆ ತಿಳಿಯಿತು, ಆ ಮುಖ ಅಪ್ಪನ ಗೆಳೆಯ, ನಮ್ಮ ಕಾಶಿನಾಥ ಕಾಕಾನ ಹಾಗಿತ್ತು.

ಆಮೇಲೆ ಸರ್ ಹೇಳಿದರು: ತುಟಿಯ ತುದಿ ಒಂದೆಳೆ ಮೇಲಿದ್ದರೆ, ಹುಬ್ಬು ಸ್ವಲ್ಪ ಎತ್ತಿದ್ದರೆ ನಾವು ಆ ಮನುಷ್ಯನನ್ನು ನಂಬಿಬಿಡುತ್ತೇವೆ. ತುಟಿ ಇಳಿದಿದ್ದರೆ ದೂರ ಸರಿಯುತ್ತೇವೆ. ನಾವು ನಿರ್ಧಾರ ಮಾಡಿದ್ದು ನಮಗೇ ತಿಳಿಯುವ ಮೊದಲೇ ಅದು ಆಗಿಹೋಗಿರುತ್ತದೆ. "ಆದ್ರ ಆ ಮನಷ್ಯಾನ ಗುಣಕ್ಕೂ ಇದಕ್ಕೂ ಸಂಬಂಧ ಇರಬೇಕಂತ ಏನಿಲ್ಲ, ನೆನಪಿರಲಿ" ಎಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ್, ಇದನ್ನ ನಮ್ಮ ಅಕ್ಕನ ಲಗ್ನಕ್ಕಿಂತ ಮೊದಲ ಹೇಳಬೇಕಿತ್ರಿ" ಎಂದಳು. ಎಲ್ಲರೂ ನಕ್ಕರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸರ್ ನಮ್ಮವೇ ಅಡ್ಮಿಷನ್ ಫೋಟೊಗಳನ್ನು ಕೂಡ ಹಾಗೆಯೇ ತೋರಿಸಿದರು. ನಾವು ಐವತ್ತೆಂಟು ಹುಡುಗಿಯರು. ನನ್ನ ಮುಖಕ್ಕೆ ಐವತ್ತೊಂದು ಮಂದಿ "ನಂಬುತ್ತೇನೆ" ಎಂದು ಬರೆದಿದ್ದರು. ಇಡೀ ಕ್ಲಾಸಿನಲ್ಲಿ ನಾನೇ ಮೊದಲು. ಚಪ್ಪಾಳೆ ತಟ್ಟಿದರು. ನನ್ನ ಬಾಜೂ ಕೂಡುವ ದೀಪಾ, "ನಿನ್ನ ಕೈಯಾಗ ಸೂಜಿ ಮಾಡಿಸ್ಕೊಳಾಕ ಯಾರೂ ಹೆದರೂದಿಲ್ಲ ಬಿಡ, ಮಾರೀನ ಮಂಕುಬೂದಿ" ಎಂದಳು. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಮುಖವನ್ನು ತಿಕ್ಕಿ ತಿಕ್ಕಿ ತೊಳೆದೆ. ತಲೆ ಎತ್ತಿ ಕನ್ನಡಿ ನೋಡಿದರೆ ಅದು ಇನ್ನೂ ಅಲ್ಲೇ ಇತ್ತು, ಅವ್ವಾ. ಆ ನಗು. ಯಾರೋ ಮರೆತುಹೋದ ವಸ್ತುವಿನ ಹಾಗೆ.

ಆ ಮುಖ ಎಲ್ಲಿಂದ ಬಂತು ಎಂದು ಇವತ್ತು ಹೇಳುತ್ತೇನೆ. ಇದನ್ನು ಏಳು ವರ್ಷ ಮುಚ್ಚಿಟ್ಟಿದ್ದೆ.

ಹುಕ್ಕೇರಿಯ ವಸತಿ ಸಾಲಿಯಲ್ಲಿ ಆರನೇ ಇಯತ್ತೆಗೆ ಸೀಟು ಸಿಕ್ಕ ದಿನ ಅಪ್ಪ ತಾನು ಮಂದಿ ಕೂಡಿಸಿ ಹೊಡೆಯುತ್ತಿದ್ದ ಟಮ್‌ಟಮ್‌ಗೆ ಹೂವಿನ ಹಾರ ಹಾಕಿ ನಾಗನೂರಿನ ಓಣಿಯೆಲ್ಲ ಸುತ್ತಿಸಿದ್ದ. ನೆನಪಿದೆಯಾ? ಅಲ್ಲಿದ್ದ ಏಳು ವರ್ಷ ತಿಂಗಳ ಮೊದಲ ರವಿವಾರ ತಂದೆತಾಯಿ ಬಂದು ಭೇಟಿಯಾಗಬಹುದಿತ್ತು. ಮೊದಲ ಭೇಟಿಯಲ್ಲಿ ನಮ್ಮ ರೂಮಿನ ಒಬ್ಬ ಹುಡುಗಿ ಅವರಪ್ಪನನ್ನು ಕಂಡ ಕೂಡಲೇ ಕಾಲಿಗೆ ತೆಕ್ಕೆಬಿದ್ದು ಅತ್ತಳು. ಅವನಿಗೂ ಅಳು ಬಂತು. ಅವಳ ಟ್ರಂಕು ಎತ್ತಿಕೊಂಡು ಅದೇ ಬಸ್ಸಿಗೆ ಕರೆದುಕೊಂಡು ಹೋದ. ಸೀಟು ಹೋಯಿತು. ಆಮೇಲೆ ಅವಳು ಯಾವ ಸಾಲಿಗೂ ಹೋಗಲಿಲ್ಲ ಎಂದು ಕೇಳಿದೆವು.

ಮರುತಿಂಗಳು, ಭೇಟಿಯ ಹಿಂದಿನ ಶನಿವಾರ, ಒಂಬತ್ತನೇ ಇಯತ್ತೆಯ ಮಾಯಕ್ಕ ನಮ್ಮನ್ನು, ಸಣ್ಣ ಹುಡುಗಿಯರನ್ನೆಲ್ಲ, ಮುಖ ತೊಳೆಸಿ ಕನ್ನಡಿಯ ಮುಂದೆ ಸಾಲಾಗಿ ನಿಲ್ಲಿಸಿದಳು. ಹಿಂದಿನವರು ಅವಳಿಗೆ ಕಲಿಸಿದ್ದನ್ನು ಅವಳು ನಮಗೆ ಕಲಿಸಿದಳು. "ಹಲ್ಲು ಕಾಣಬೇಕು. ಹುಬ್ಬು ಮ್ಯಾಲೆ ಇರಬೇಕು. ಅಳು ಬಂದ್ರ ಹೆಬ್ಬೆರಳಿನ ಉಗುರು ಬಾಜೂ ಬೆರಳಿಗೆ ಒತ್ತರಿ. ಅವ್ವನ ಕಣ್ಣ ಮಾತ್ರ ನೋಡಬ್ಯಾಡ್ರಿ, ನೋಡಿದ್ರ ಕೆಟ್ರಿ. ಹಣೀ ಮ್ಯಾಲಿನ ಕುಂಕುಮ ನೋಡ್ರಿ. ಆಕಿಗೆ ನೀವು ಕಣ್ಣಾಗ ಕಣ್ಣಿಟ್ಟಂಗ ಅನಸ್ತೈತಿ." ಒಬ್ಬಳು, ಇದೆಲ್ಲ ಯಾಕೆ ಎಂದು ಕೇಳಿದಳು. ಮಾಯಕ್ಕ ಅವಳ ತಲೆಗೆ ಮೊಟಕಿ, "ಯಾಕಂದ್ರ ಅವ್ವ ಆರಾಮಾಗಿ ಮನೀಗೆ ಹೋಗಬೇಕಲ್ಲ, ಅದಕ್ಕ" ಎಂದಳು.

ಅವ್ವ ಆರಾಮಾಗಿ ಮನೆಗೆ ಹೋಗಬೇಕು. ಆ ಮುಖದ ಕೆಲಸ ಅಷ್ಟೇ.

ಅಪ್ಪ ಭೇಟಿಗೆ ಒಂದು ಸಲವೂ ಬರಲಿಲ್ಲ, ರವಿವಾರ ಗಾಡಿ ಬಿಟ್ಟು ಬರಲು ಆಗುತ್ತಿರಲಿಲ್ಲ. ನೀನೇ ನಾಗನೂರಿನಿಂದ ಗೋಕಾಕಕ್ಕೆ, ಅಲ್ಲಿಂದ ಘಟಪ್ರಭಾದ ಮೇಲೆ ಹುಕ್ಕೇರಿಗೆ ಬಸ್ಸು ಬದಲಿಸಿ ಬರುತ್ತಿದ್ದೆ. ಹಸಿರು ಮುಚ್ಚಳದ ಆ ಸ್ಟೀಲ್ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಗೇಟಿನಲ್ಲಿ ಕಾಣುತ್ತಿದ್ದೆ. ಡಬ್ಬಿ ಕಂಡ ಕೂಡಲೇ ನನ್ನ ತುಟಿ ತಾನೇ ಮೇಲೆ ಹೋಗುತ್ತಿತ್ತು. "ಚಲೋ ಅದೀ ಏನವ್ವಾ?" ಎಂದು ನೀನು ಕೇಳುತ್ತಿದ್ದೆ. ನಾನು ಕುಂಕುಮ ನೋಡುತ್ತ ಚಲೋ ಅದೇನಿ ಎನ್ನುತ್ತಿದ್ದೆ.

ನಾನು ಚಲೋ ಇರಲಿಲ್ಲ, ಅವ್ವಾ. ಎಂಟನೇ ಇಯತ್ತೆಯ ತನಕ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದೆ. ಉಳಿದವರು ಏಳುವ ಮೊದಲು ಎದ್ದು ಚಾದರ ತೊಳೆಯುತ್ತಿದ್ದೆ. ಒಂದು ವರ್ಷ ತಲೆಯಲ್ಲಿ ಹುಣ್ಣಾಗಿ ಕೂದಲು ಕತ್ತರಿಸಿದ್ದರು. ಹೊಸ ಫ್ಯಾಷನ್ನು ಎಂದು ನಿನಗೆ ಹೇಳಿದ್ದೆ. ನೀನು ಬಸ್ಸಿನಲ್ಲಿ ಬಾಜೂ ಕೂತವರಿಗೆಲ್ಲ "ನನ್ನ ಮಗಳು ಅಲ್ಲಿ ನಕ್ಕೋತ ಅದಾಳ್ರಿ" ಎಂದು ಹೇಳುತ್ತಿದ್ದೆಯಂತೆ. ಆ ಏಳು ವರ್ಷವನ್ನೂ ಈಗ ನಿನ್ನಿಂದ ಕಿತ್ತುಕೊಳ್ಳುತ್ತಿದ್ದೇನೆ, ಅದು ಗೊತ್ತಿದೆ. ಆದರೆ ಜನವರಿ ಇಪ್ಪತ್ತೊಂದರ ಮಾತು ಹೇಳಬೇಕಾದರೆ ಇದನ್ನು ಹೇಳದೆ ಬೇರೆ ದಾರಿಯಿಲ್ಲ.

ಆ ದಿನ ಮುಂಜಾನೆ ಕಾಲೇಜಿನಿಂದ ಯೂನಿಫಾರ್ಮಿನಲ್ಲೇ ಗೋಕಾಕದ ದವಾಖಾನೆಗೆ ಬಂದಿದ್ದೆ. ಅಪ್ಪನಿಗೆ ಕಾಮಾಲೆ ಹಿಡಿದು ಒಂಬತ್ತನೆಯ ದಿನ. ನೀನು ಔಷಧಿ ತರಲು ಕೆಳಗೆ ಹೋಗಿದ್ದೆ. ಡಾಕ್ಟರು ನನ್ನ ಯೂನಿಫಾರ್ಮ್ ನೋಡಿ, ನೀನು ನರ್ಸಿಂಗ್ ಕಲಿಯುತ್ತೀಯಲ್ಲ, ನಿನಗೆ ತಿಳಿಯುತ್ತದೆ ಎಂದು ಇಂಗ್ಲಿಷಿನಲ್ಲಿ ಮಾತಾಡಿದರು. ಲಿವರ್ ಪೂರ್ತಿ ಕೈಬಿಟ್ಟಿದೆ, ಕಿಡ್ನಿಯೂ ನಿಲ್ಲುತ್ತಿದೆ, ಇನ್ನು ಕೆಲವು ತಾಸು ಮಾತ್ರ, ತಾಯಿಗೆ ಮೆಲ್ಲಗೆ ಹೇಳು ಎಂದರು. ಅವರು ಒಳ್ಳೆಯವರು. ನನ್ನ ತಲೆಯ ಮೇಲೆ ಕೈ ಕೂಡ ಇಟ್ಟರು.

ಡಾಕ್ಟರರ ಇಂಗ್ಲಿಷು ನನಗೆ ತಿಳಿಯಲಿಲ್ಲ ಎಂದು ಉದ್ದವ್ವ ಅತ್ತೆಗೆ ಹೇಳಿದ್ದೆನಲ್ಲ, ಅದು ಸುಳ್ಳು. "ಇಷ್ಟ ವರ್ಷ ಇಂಗ್ಲಿಷ್ ಕಲತ ಏನ ಮಣ್ಣ ತಿಂದಿ?" ಎಂದು ಅತ್ತೆ ಬೈದಳು. ನನಗೆ ಒಂದೊಂದು ಶಬ್ದವೂ ತಿಳಿದಿತ್ತು.

ನೀನು ಮೆಟ್ಟಿಲು ಹತ್ತಿ ಬಂದೆ. ಕೈಯಲ್ಲಿ ಔಷಧಿಯ ಚೀಲ. "ಡಾಕ್ಟರ ಏನಂದ್ರು?" ಎಂದೆ. ನಾನು ಉಗುರು ಒತ್ತಿಕೊಂಡೆ, ನಿನ್ನ ಕುಂಕುಮ ನೋಡಿದೆ, ನಕ್ಕೆ. "ಆರಾಮ ಆಗತಾರಂತ. ಸಂಜೀಗೆ ಗಂಜಿ ಕೊಡಬಹುದಂತ. ನೀ ಮನೀಗೆ ಹೋಗಿ ಬಾ, ನಾ ಇರತೇನಿ" ಎಂದೆ. ಗಂಜಿಯ ಮಾತು ಡಾಕ್ಟರು ಹೇಳಿದ್ದಲ್ಲ, ನಾನು ಹುಟ್ಟಿಸಿದ್ದು. ಒಂಬತ್ತು ದಿನಗಳಲ್ಲಿ ಮೊದಲ ಸಲ ನೀನೂ ನಕ್ಕೆ. "ಹಂಗಾರ ಜ್ವಾಳದ ನುಚ್ಚಿನ ಗಂಜಿ ಮಾಡ್ಕೊಂಡ ಬರತೇನಿ. ತೆಳ್ಳಗ ಮಾಡತೇನಿ" ಎಂದೆ.

ಕಾಶಿನಾಥ ಕಾಕಾ ಅಲ್ಲೇ ಕಂಬಕ್ಕೆ ಆತು ನಿಂತಿದ್ದ. ಅವನು ಮುಂದೆ ಬಂದು, "ವೈನಿ, ಇವತ್ತ ಹೋಗಬ್ಯಾಡ್ರಿ. ನನಗ ಚಲೋ ಕಾಣವಲ್ತು. ನಮ್ಮಣ್ಣಗೂ ಹೋಗೂ ಮುಂದ ಕಣ್ಣ ಹಿಂಗ ಆಗಿದ್ವು" ಎಂದ. ನೀನು ಅವನ ಮುಖ ನೋಡಿದೆ. ಆಮೇಲೆ ನನ್ನ ಮುಖ ನೋಡಿದೆ. ಎಷ್ಟು ಹೊತ್ತು ನೋಡಿದೆ, ಅವ್ವಾ? ರೆಪ್ಪೆ ಮುಚ್ಚಿ ತೆರೆಯುವಷ್ಟು. "ಆತನ ಮಾರೀ ಯಾವತ್ತೂ ಹಂಗ" ಎಂದು ನನಗೆ ಮೆಲ್ಲಗೆ ಹೇಳಿ ಬಸ್ಸಿಗೆ ಹೋದೆ. ಅದು ಅವನಿಗೂ ಕೇಳಿಸಿತ್ತು.

ಮೂಡಲಗಿಯ ಟಮ್‌ಟಮ್ ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷ ಇದೇ ಕಥೆ ನಡೆದಿತ್ತಲ್ಲ. ಅಪ್ಪ ನಕ್ಕರೆ ಮೇಲಿನ ಒಸಡು ಪೂರಾ ಕಾಣುತ್ತಿತ್ತು. ಹೆಣ್ಣುಮಕ್ಕಳು ಪಾಳಿ ಬಿಟ್ಟು ಅಪ್ಪನ ಗಾಡಿಗೇ ಹತ್ತುತ್ತಿದ್ದರು. ಅಪ್ಪ ತಿರುವಿನಲ್ಲಿ ಬ್ರೇಕು ಹಿಡಿದವನೇ ಅಲ್ಲ, ಎರಡು ಸಲ ಕಬ್ಬಿನ ಹೊಲಕ್ಕೆ ಇಳಿಸಿದ್ದ. ಒಂದು ಗೀರೂ ಬೀಳದಂತೆ ಗಾಡಿ ಹೊಡೆಯುವ ಕಾಶಿನಾಥ ಕಾಕಾ ಖಾಲಿ ಸೀಟು ಇಟ್ಟುಕೊಂಡು ಬೀಡಿ ಸೇದುತ್ತ ನಿಂತಿರುತ್ತಿದ್ದ. "ಲೇ ಕಾಶ್ಯಾ, ನಿನ್ನ ಮಾರಿ ಒಂದ ದಿನ ನನಗ ಕೊಡಲೇ, ನಮ್ಮ ಎಮ್ಮಿ ಒದಿಯೂದ ಬಿಡತೈತಿ" ಎಂದು ಅಪ್ಪ ಕಾಡುತ್ತಿದ್ದ. "ನಿನ್ನ ಮಾರಿ ನನಗ ಕೊಡು, ನನ್ನ ಗಾಡಿ ತುಂಬತೈತಿ" ಎಂದು ಕಾಕಾ ಅನ್ನುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಅವನು ನಗುತ್ತಿದ್ದನೋ ಇಲ್ಲವೋ, ಆ ಮುಖದಲ್ಲಿ ಹೇಗೆ ತಿಳಿಯಬೇಕು?

ಅಪ್ಪ ಮಧ್ಯಾಹ್ನ ಒಂದು ಗಂಟೆಗೆ ಹೋದ. ನಾನು ಕೈ ಹಿಡಿದುಕೊಂಡಿದ್ದೆ. ನರಳಲಿಲ್ಲ. ಇದು ಖರೆ, ಅವ್ವಾ.

ನಿನಗೆ ಫೋನ್ ಮಾಡಲು ನನ್ನಿಂದ ಆಗಲಿಲ್ಲ. ಕಾಕಾ ತಾನೇ ಎದ್ದು ಗಾಡಿ ತೆಗೆದುಕೊಂಡು ನಾಗನೂರಿಗೆ ಬಂದ. ನೀನು ಆಗಲೇ ಗಂಜಿ ಕಾಸಿ ಇಳಿಸಿದ್ದೆಯಂತೆ. "ಯಾಕ ಇಷ್ಟ ಲಗೂ ಬಂದಿ?" ಎಂದು ಕೇಳಿದೆಯಂತೆ. ಅವನು, "ಬರ್ರಿ ವೈನಿ" ಎಂದಷ್ಟೇ ಅಂದನಂತೆ. ದಾರಿಯುದ್ದಕ್ಕೂ ಮುಂದಿನ ಕನ್ನಡಿಯಲ್ಲಿ ಅವನ ಮುಖ ನಿನಗೆ ಕಾಣುತ್ತಿತ್ತು. ಬೇರೆ ಯಾರದೇ ಮುಖವಾಗಿದ್ದರೂ ನಿನಗೆ ಅರ್ಥವಾಗುತ್ತಿತ್ತು. ಅವನ ಮುಖ ಯಾವತ್ತೂ ಹಾಗೇ ಅಲ್ಲವೇ.

ನಾಲ್ಕು ಗಂಟೆಗೆ ನೀನು ವಾರ್ಡಿನ ಬಾಗಿಲಲ್ಲಿ ಕಂಡೆ. ಹಸಿರು ಮುಚ್ಚಳದ ಡಬ್ಬಿಯನ್ನು ಎದೆಗೆ ಒತ್ತಿಕೊಂಡಿದ್ದೆ.

ಇಲ್ಲಿಂದ ಮುಂದೆ ಮೂರು ಸಲ ಬರೆದು ಹರಿದಿದ್ದೇನೆ. ನಾನು ನಗಬೇಕೆಂದು ನಗಲಿಲ್ಲ. ಡಬ್ಬಿ ಕಂಡಿತು, ತುಟಿ ಮೇಲೆ ಹೋಯಿತು. ಏಳು ವರ್ಷ ಪ್ರತಿ ತಿಂಗಳೂ ಹೋದ ಹಾಗೆ. ನಾನು ಬಾಯಿಗೆ ಕೈ ಅಡ್ಡ ಹಿಡಿಯಲು ನೋಡಿದೆ, ಕೈ ಏಳಲಿಲ್ಲ. ನೀನು ನನ್ನ ನಗು ನೋಡಿ ನಕ್ಕೆ. ಬಿರಬಿರನೆ ಬಂದೆ. "ಬಿಸಿ ಐತಿ, ಈಗ ಕೊಡೂಣೇನ?" ಎನ್ನುತ್ತ ನನ್ನನ್ನು ದಾಟಿ ಹೋದೆ. ಆಮೇಲೆ ಮುಖದ ತನಕ ಎಳೆದಿದ್ದ ಆ ಬಿಳಿ ಚಾದರ ನೋಡಿದೆ.

ಬಾಜೂ ಕಾಟಿನ ಹೆಣ್ಣುಮಗಳು, "ಅಪ್ಪ ಸತ್ತಾನ, ಮಗಳು ನಗಾಕತ್ತಾಳಲ್ಲವ್ವಾ, ಎಂಥಾಕಿ ಇವಳು" ಎಂದಿದ್ದು ನನಗೂ ಕೇಳಿಸಿತು. ಆ ಮಾತು ನಮಗಿಂತ ಮೊದಲು ನಾಗನೂರು ಮುಟ್ಟಿತ್ತು. ಮಣ್ಣಿಗೆ ಬಂದ ಮಂದಿ ಅಪ್ಪನ ಮುಖಕ್ಕಿಂತ ನನ್ನ ಮುಖವನ್ನೇ ಹೆಚ್ಚು ನೋಡಿದರು.

ನೀನು ಐದಾರು ತಾಸು ನಮ್ಮಿಂದ ದೂರವಿದ್ದೆ. ಆ ಐದಾರು ತಾಸಿನಲ್ಲೇ ಎಲ್ಲ ಆಯಿತು. ಇಪ್ಪತ್ತೆರಡು ವರ್ಷ ಜೊತೆಗಿದ್ದವಳು ಅವನ ಬಾಯಿಗೆ ಕೊನೆಯ ಹನಿ ನೀರು ಬಿಡಲಿಲ್ಲ, ಒಲೆಯ ಮುಂದೆ ಕೂತು ಗಂಜಿ ತಿರುವುತ್ತಿದ್ದಳು. ಅದನ್ನು ಮಾಡಿದವಳು ನಾನು. ಯಾರೂ ಹೇಳಿಕೊಟ್ಟಿದ್ದಲ್ಲ. ನನ್ನದೇ ಬುದ್ಧಿ, ನನ್ನದೇ ಬಾಯಿ, ನನ್ನದೇ ಮುಖ. ಯಾಕೆ ಮಾಡಿದೆ ಎಂದು ಕೇಳಿದರೆ, ಅವ್ವ ಆರಾಮಾಗಿ ಮನೆಗೆ ಹೋಗಬೇಕು ಎಂಬುದನ್ನು ಬಿಟ್ಟರೆ ನನ್ನ ಹತ್ತಿರ ಬೇರೆ ಉತ್ತರವಿಲ್ಲ.

ಹೋದ ವಾರ ವಾರ್ಡಿನ ಡ್ಯೂಟಿಯಲ್ಲಿ ಒಬ್ಬ ಮುದುಕಿ ನನ್ನ ಕೈ ಹಿಡಿದು, "ತಂಗೀ, ನಿನ್ನ ಮಾರಿ ನೋಡಿದ್ರ ಅರ್ಧಾ ಜಡ್ಡ ಹೋಗತೈತಿ. ನೀ ಖರೆ ಹೇಳ, ನಾ ಮನೀಗೆ ಹೋಗತೇನಿಲ್ಲೋ?" ಎಂದಳು. ನಾನು ಮುಖ ಮುಚ್ಚಿಕೊಂಡು ಹೊರಗೆ ಓಡಿದೆ. ಸಿಸ್ಟರ್ ಬೈದರು. ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಲು ಬಿಡಿರಿ ಎಂದು ಕೇಳಿದ್ದೇನೆ. ನರ್ಸ್ ಆಗುತ್ತೇನೋ ಇಲ್ಲವೋ ಗೊತ್ತಿಲ್ಲ, ಅವ್ವಾ. ನಂಬಿಕೆ ಬರುವ ಮುಖ ಇದ್ದರೆ ಅರ್ಧ ಕೆಲಸ ಆದ ಹಾಗೆ ಎಂದು ಎಲ್ಲರೂ ಅನ್ನುತ್ತಾರೆ. ಉಳಿದರ್ಧ ಏನೆಂದು ಯಾರೂ ಹೇಳುವುದಿಲ್ಲ.

ಈಗ ನಾನು ಕೇಳಬೇಕಾದದ್ದು ಕೇಳುತ್ತೇನೆ. ಈ ತಿಂಗಳು ಹದಿನೇಳಕ್ಕೆ ಹಾಸ್ಟೆಲ್ ಮುಚ್ಚುತ್ತದೆ. ಬೀಗ ಹಾಕುತ್ತಾರೆ, ಯಾರೂ ಉಳಿಯುವಂತಿಲ್ಲ. ದೀಪಾಳ ಮನೆ ಘಟಪ್ರಭಾದಲ್ಲಿದೆ, ಅಲ್ಲಿಗೆ ಬಾ ಅನ್ನುತ್ತಾಳೆ. ನಾನು ಮನೆಗೆ ಬರಲಾ?

ನೀನು ಫೋನಿನಲ್ಲಿ ಹೇಳುವುದು ಬೇಡ. ಹದಿನೆಂಟು, ರವಿವಾರ, ಹನ್ನೊಂದು ಗಂಟೆಗೆ ಮೂಡಲಗಿಯಲ್ಲಿ ಬಸ್ಸು ಇಳಿಯುತ್ತೇನೆ. ಕಾಶಿನಾಥ ಕಾಕಾನ ಗಾಡಿ ಅಲ್ಲಿ ದಿನಾಲೂ ಇರುತ್ತದೆ. ಅವನ ಕೈಯಲ್ಲಿ ಆ ಹಸಿರು ಮುಚ್ಚಳದ ಡಬ್ಬಿ ಕಳಿಸು. ಒಳಗೆ ಏನೂ ಹಾಕಬೇಡ, ಖಾಲಿ ಇದ್ದರೂ ಸಾಕು. ಡಬ್ಬಿ ಇದ್ದರೆ ಗಾಡಿ ಹತ್ತುತ್ತೇನೆ. ಇಲ್ಲದಿದ್ದರೆ ಅವನನ್ನು ಏನೂ ಕೇಳದೆ ಘಟಪ್ರಭಾದ ಕಡೆ ತಿರುಗಿ ಹೋಗುತ್ತೇನೆ. ನಿನ್ನ ಮೇಲೆ ಸಿಟ್ಟಾಗುವುದಿಲ್ಲ.

ಬಂದರೆ ನಿನ್ನ ಮುಂದೆ ನಗುವುದಿಲ್ಲ ಎಂದು ಆಣೆ ಮಾಡಲು ಹೆದರಿಕೆ. ತುಟಿ ನನ್ನ ಮಾತು ಕೇಳುವುದಿಲ್ಲ. ನೋಡಲು ನಿನ್ನ ಹಣೆಯ ಮೇಲೆ ಈಗ ಕುಂಕುಮವೂ ಇಲ್ಲ. ನೋಡಬೇಕೆಂದರೆ ನಿನ್ನ ಕಣ್ಣನ್ನೇ ನೋಡಬೇಕು. ಹಾಗೆ ನೋಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ, ಅವ್ವಾ. ಹನ್ನೊಂದನೆಯ ವರ್ಷದಿಂದ ನೋಡಿಲ್ಲ.

ನುಚ್ಚಿನ ಆ ಗಂಜಿಯನ್ನು ಯಾರು ಚೆಲ್ಲಿದರು ಎಂದು ನೀನು ಯಾವತ್ತೂ ಕೇಳಲಿಲ್ಲ. ಯಾರೂ ಚೆಲ್ಲಲಿಲ್ಲ. ಡಬ್ಬಿಯನ್ನು ತೊಳೆದು ನಿನಗೆ ಕೊಡುವ ಮೊದಲು ದವಾಖಾನೆಯ ಮೆಟ್ಟಿಲ ಮೇಲೆ ಕೂತು ಪೂರಾ ಕುಡಿದೆ. ಉಪ್ಪು ಸರಿಯಾಗಿತ್ತು.

ನಿನ್ನ,
ಭಾಗ್ಯಾ

ತಾಜಾ ಕಲಂ: ಇದು ಸುಜಾತಾ ಅಕ್ಕೋರಿಗೆ ಮಾತ್ರ. ಅಕ್ಕೋರ, ಹೆಸರಿನ ತನಕ ಓದಿ ನಿಲ್ಲಿಸಿರಿ. ಇದನ್ನು ಮನಸ್ಸಿನಲ್ಲೇ ಓದಿಕೊಳ್ಳಿರಿ.

ಈ ಪತ್ರದಲ್ಲಿ ಒಂದು ಸುಳ್ಳಿದೆ: ಯಾರೂ ಹೇಳಿಕೊಟ್ಟಿದ್ದಲ್ಲ ಎಂದು ಬರೆದದ್ದು. ಡಾಕ್ಟರು ಹೋದದ್ದಕ್ಕೂ ಅವ್ವ ಮೆಟ್ಟಿಲು ಹತ್ತಿ ಬಂದದ್ದಕ್ಕೂ ನಡುವೆ ಹತ್ತು ನಿಮಿಷ ಇದ್ದವು. ಆಗ ನಾನು ಅಪ್ಪನ ಹತ್ತಿರ ಹೋದೆ. ಅವನಿಗೆ ಎಚ್ಚರವಿತ್ತು. "ಏನಂದ ಡಾಕ್ಟರ?" ಎಂದ. ನಗಲು ನೋಡಿದೆ, ಬರಲಿಲ್ಲ. ಅಪ್ಪ ಭೇಟಿಗೆ ಒಂದು ಸಲವೂ ಬಂದವನಲ್ಲ, ಅವನಿಗಾಗಿ ನಾನು ಮುಖ ಕಲಿತಿರಲಿಲ್ಲ. ಅವನು ನನ್ನನ್ನೇ ನೋಡುತ್ತ, "ಗೊತ್ತಾತು ಬಿಡ, ಹೆದರಬ್ಯಾಡ. ನಿಮ್ಮವ್ವಗ ಮಾತ್ರ ಈ ಮಾರಿ ತೋರಸಬ್ಯಾಡ. ನಕ್ಕೋತ ಏನರ ಹೇಳಿ ಮನೀಗೆ ಕಳಸು. ನಾ ಹೋಗೂದ ಆಕಿ ನೋಡಿದ್ರ ತಡಕೊಳ್ಳಾಕ ಆಗೂದಿಲ್ಲ" ಎಂದ. ಆಮೇಲೆ ಒಸಡು ಕಾಣುವ ಹಾಗೆ ನಕ್ಕ.

ಇದನ್ನು ಅವ್ವನಿಗೆ ಹೇಳಬಾರದು ಎಂದುಕೊಂಡಿದ್ದೇನೆ. ನನ್ನ ಮೇಲಿನ ಸಿಟ್ಟು ಯಾವಾಗಲಾದರೂ ಇಳಿದೀತು, ನಾನು ಬದುಕಿದ್ದೇನೆ, ಹೋಗಿ ಕಾಲು ಹಿಡಿಯಬಹುದು. ಅಪ್ಪನ ಮೇಲೆ ಸಿಟ್ಟು ಬಂದರೆ ಅವನು ಎಲ್ಲಿಂದ ಬಂದು ಸಮಾಧಾನ ಮಾಡಬೇಕು? ಮನೆಯಲ್ಲಿ ಬುದ್ಧನ ಫೋಟೊದ ಬಾಜೂ ಇಟ್ಟ ಅವನ ನಗುವ ಫೋಟೊ ಒಂದೇ ಈಗ ಅವ್ವ ನಂಬುವ ಮುಖ. ಅದನ್ನೂ ಗೋಡೆಗೆ ತಿರುಗಿಸಿ ಇಡುವುದು ಬೇಡ.

ಆದರೆ ಅಕ್ಕೋರ, ನೀವು ಇಷ್ಟು ಹೊತ್ತು ಸುಮ್ಮನೆ ಓದುತ್ತಿರುವುದನ್ನು ಅವ್ವ ನೋಡುತ್ತಿರುತ್ತಾಳೆ. ಅವಳಿಗೆ ಅಕ್ಷರ ಬರುವುದಿಲ್ಲ, ನಿಮ್ಮ ಮುಖವನ್ನೇ ಓದುತ್ತಾಳೆ. ಒಂದು ವೇಳೆ "ಇನ್ನೇನ ಬರದಾಳ್ರಿ?" ಎಂದು ಕೇಳಿದರೆ, ಏನಿಲ್ಲ ಎಂದು ಹೇಳಲು ಹೋಗಿ ನಗಬೇಡಿರಿ. ಓದಿಬಿಡಿರಿ.